ಇಪ್ಪತ್ತಾರರ ನಂತರದ ನಮಃಶಿವಾಯ

೧

ಹೇಗೆ ಶುರು ಮಾಡಲಿ? ಗೊರಕೆಯಿಂದ ಶುರು ಮಾಡಿದರೆ ನೀವು ನಗುತ್ತೀರಿ, ಆಮೇಲೆ ನಾನು ಎಷ್ಟು ಗಂಭೀರವಾಗಿ ಬರೆದರೂ ನಂಬುವುದಿಲ್ಲ. ದೇವರಿಂದ ಶುರು ಮಾಡಿದರೆ ಬೆನ್ನು ನೆಟ್ಟಗೆ ಮಾಡಿ ಕೂರುತ್ತೀರಿ, ನಡುವೆ ಗೊರಕೆ ಬಂದಾಗ ನನ್ನ ಮೇಲೆ ಸಿಟ್ಟಾಗುತ್ತೀರಿ. ಡಾಕ್ಟರರಿಂದ ಶುರು ಮಾಡಿದರೆ ಅದು ಆರೋಗ್ಯ ಇಲಾಖೆಯ ಕರಪತ್ರವಾಗುತ್ತದೆ.

ಒಂದು ಸಲ ಹೀಗೆ ಬರೆದೆ: "ಆಳಂದದ ಕಲ್ಲಿನಾಥ ಮಾಸ್ತರರು ಶಿವಯೋಗದಲ್ಲಿ ಮುಳುಗಿದಾಗ ಇಡೀ ಪಡಸಾಲೆ ಉಸಿರು ಬಿಗಿಹಿಡಿಯುತ್ತಿತ್ತು." ಭೇಷ್ ಅನ್ನಿಸಿತು. ಚಹಾ ಕುಡಿದು ಬಂದು ಮತ್ತೆ ಓದಿದೆ. ಪಡಸಾಲೆಯವರೇನೋ ಬೇಕೆಂದೇ ಉಸಿರು ಹಿಡಿದಿದ್ದರು, ಸರಿ. ಮಾಸ್ತರರ ಉಸಿರೂ ನಿಂತಿತ್ತಲ್ಲ, ಅದನ್ನು ಹಿಡಿದವರು ಯಾರು? ಆ ಹಾಳೆ ಹರಿದೆ.

(ಹಾಳೆ ಅಂದರೆ ದೊಡ್ಡ ಹಾಳೆಯೇನಲ್ಲ. ನಾನು ಅಫಜಲಪುರದಲ್ಲಿ ಮೆಡಿಕಲ್ ಅಂಗಡಿ ಇಟ್ಟವನು. ಔಷಧಿ ಕಂಪನಿಯವರು ಪುಕ್ಕಟೆ ಕೊಡುವ ಪುಟ್ಟ ಪ್ಯಾಡಿನ ಮೇಲೆ ಕಥೆ ಬರೆಯುತ್ತೇನೆ. ಪ್ರತಿ ಪುಟದ ತಲೆಯ ಮೇಲೆ ಆ್ಯಸಿಡಿಟಿ ಗುಳಿಗೆಯ ಹೆಸರಿರುತ್ತದೆ. ನನ್ನ ಕಥೆಗಳು ತುಂಡು ತುಂಡಾಗಿರುವುದಕ್ಕೆ ವಿಮರ್ಶಕರೊಬ್ಬರು ಆಧುನಿಕೋತ್ತರ ಕಾರಣ ಕೊಟ್ಟಿದ್ದಾರೆ. ಅವರಿಗೆ ನಮಸ್ಕಾರ. ಪ್ಯಾಡು ಇರುವುದೇ ಅಷ್ಟು.)

ಮತ್ತೆ ೧

ಸರಿ, ನೇರವಾಗಿ ಹೇಳಿಬಿಡುತ್ತೇನೆ.

ಕಲ್ಲಿನಾಥ ಮಾಸ್ತರರಿಗೆ ಐವತ್ತೆರಡು ವರ್ಷ. ನರೋಣಾದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಾರೆ, ಆಳಂದದಿಂದ ದಿನಾ ಬೈಕಿನ ಮೇಲೆ ಹೋಗಿಬರುತ್ತಾರೆ. ಹೆಂಡತಿ ಗೌರಾಬಾಯಿ. ಪ್ರತಿ ರವಿವಾರ ಬೆಳಿಗ್ಗೆ ಒಂಬತ್ತಕ್ಕೆ ಅವರ ಮನೆಯ ಪಡಸಾಲೆಯಲ್ಲಿ ಇಪ್ಪತ್ತು ಜನ ಸೇರಿ ಇಷ್ಟಲಿಂಗ ಪೂಜೆ ಮಾಡುತ್ತಾರೆ. ಎಲ್ಲರೂ ಹಣೆಗೆ ವಿಭೂತಿ ಹಚ್ಚಿ, ಕೊರಳಲ್ಲಿ ತೂಗುವ ಬೆಳ್ಳಿಯ ಕರಡಿಗೆಯಿಂದ ಲಿಂಗವನ್ನು ಹೊರಗೆ ತೆಗೆದು, ಎಡ ಅಂಗೈ ಮೇಲಿಟ್ಟು, ಅದರ ಮೇಲೆ ದೃಷ್ಟಿ ನೆಟ್ಟು ಕೂರುತ್ತಾರೆ. ಐದು ನಿಮಿಷಕ್ಕೆ ಉಳಿದವರ ದೃಷ್ಟಿ ಗೋಡೆ ಗಡಿಯಾರಕ್ಕೆ ಹೋಗುತ್ತದೆ. ಮಾಸ್ತರರದು ಹೋಗುವುದಿಲ್ಲ. ಎರಡನೇ ನಿಮಿಷಕ್ಕೇ ಅವರ ರೆಪ್ಪೆ ಅರ್ಧ ಇಳಿಯುತ್ತದೆ, ಮುಖ ಸಡಿಲವಾಗುತ್ತದೆ, ಆಮೇಲೆ ಉಸಿರು ನಿಲ್ಲುತ್ತದೆ. ಹತ್ತು ಸೆಕೆಂಡು, ಇಪ್ಪತ್ತು, ನಲವತ್ತು. ಯಾರೂ ಮಿಸುಕುವುದಿಲ್ಲ. ಕೊನೆಗೆ ಎದೆಯ ಆಳದಿಂದ ದೊಡ್ಡ ಸದ್ದೊಂದು ಬಂದು ಮಾಸ್ತರರು ಮರಳುತ್ತಾರೆ. ಅಷ್ಟು ಹೊತ್ತೂ ಅಂಗೈ ಒಂದಿಷ್ಟೂ ವಾಲಿರುವುದಿಲ್ಲ.

ಹನ್ನೊಂದು ವರ್ಷದ ಹಿಂದೆ ಇದನ್ನು ಮೊದಲು ಗಮನಿಸಿದವರು ಜೇವರ್ಗಿಯ ಮಲ್ಕಮ್ಮ. ಸೆರಗಿನಿಂದ ಕಣ್ಣೊರೆಸಿಕೊಂಡು, "ಶಿವಯೋಗ ಅಂದ್ರ ಇದು ನೋಡ್ರಿ. ಉಸಿರಽ ಬಿಟ್ಟು ಕುಂತಾರ ಶರಣ್ರು" ಅಂದರು. ಅಂದಿನಿಂದ ಜೇವರ್ಗಿಯಿಂದ, ನಮ್ಮ ಅಫಜಲಪುರದಿಂದ ಜೀಪು ಮಾಡಿಕೊಂಡು ಜನ ಬರುತ್ತಾರೆ. ಮಾಸ್ತರರು ಬೇಡ ಬೇಡ ಅಂದರೂ ಕಾಲು ಮುಟ್ಟುತ್ತಾರೆ.

ನಿಮಗೆ ಆಗಲೇ ಗೊತ್ತಾಗಿರಬೇಕು. ಮಾಸ್ತರರಿಗೆ ನಿದ್ದೆ ಹತ್ತುತ್ತಿತ್ತು. ಮಲಗಿದಾಗ ಗಂಟಲಿನ ದಾರಿ ಮುಚ್ಚಿಕೊಂಡು ಮತ್ತೆ ಮತ್ತೆ ಉಸಿರು ನಿಲ್ಲುವ ಕಾಯಿಲೆ ಅವರಿಗಿತ್ತು, ಸ್ಲೀಪ್ ಆಪ್ನಿಯಾ. ರಾತ್ರಿಯ ನಿದ್ದೆ ನಿದ್ದೆಯೇ ಅಲ್ಲವಾದ್ದರಿಂದ ಹಗಲು ಕೂತಲ್ಲೇ ಕಣ್ಣು ಮುಚ್ಚುತ್ತಿತ್ತು. ಇಪ್ಪತ್ತು ಜನ ಭಕ್ತರು ಹನ್ನೊಂದು ವರ್ಷ ಕೈಮುಗಿದು ನೋಡಿದ್ದು ಒಂದು ಕಾಯಿಲೆಯನ್ನು.

೨

"ನಿದ್ದಿ ಅಂತ ಬರದೀರಿ. ನಿಮಗ ಹ್ಯಾಂಗ ಗೊತ್ತು?"

ಇದು ಕಲ್ಲಿನಾಥ ಮಾಸ್ತರರು. ನನ್ನ ಅಂಗಡಿಯ ಕೌಂಟರಿನ ಆಚೆ ನಿಂತಿದ್ದಾರೆ. (ಪಾತ್ರಗಳು ಬಂದರೆ ಕೂರಿಸಲು ನನ್ನಲ್ಲಿ ಬೇರೆ ಜಾಗವಿಲ್ಲ.)

"ಮಾಸ್ತರ್ರ, ನೀವು ವಿಜ್ಞಾನದೋರು. ಹುಡುಗರಿಗೆ ಉಸಿರಾಟದ ಪಾಠ ನೀವಽ ಹೇಳ್ತೀರಿ," ಅಂದೆ.

"ಹೇಳ್ತೇನಿ. ಮೂಗು, ಗಂಟಲು, ಶ್ವಾಸನಾಳ. ಬೋರ್ಡಿನ ಮ್ಯಾಲ ಚಿತ್ರಾ ತೆಗೀತೇನಿ, ಬಾಣದ ಗುರುತು ಹಾಕ್ತೇನಿ. ಆದರ ಉಸಿರು ನಿಂತಾಗ ಒಳಗ ಏನಿರ್ತದ ಅನ್ನೋದು ಆ ಚಿತ್ರದಾಗ ಇಲ್ರಿ. ನಾ ಅಲ್ಲಿಗೆ ಹೋಗಿ ಬಂದೇನಿ. ಅಲ್ಲಿ ಸಾಲಿ ಇಲ್ಲ, ಮನಿ ಇಲ್ಲ, ನಾ ಸುದ್ದಾ ಇಲ್ಲ. ಅಂಥಾ ಸಮಾಧಾನ ನಿಮ್ಮ ಅಂಗಡ್ಯಾಗ ಸಿಗ್ತದೇನು?"

ಸಿಗುವುದಿಲ್ಲ. ಆ್ಯಸಿಡಿಟಿ ಗುಳಿಗೆ ಸಿಗುತ್ತದೆ.

"ಮತ್ತ ತಿದ್ದರಿ. ನಿದ್ದಿಯೋ ಶಿವಯೋಗವೋ ಗೊತ್ತಿಲ್ಲ ಅಂತ ಬರೀರಿ."

ಹಾಗೆ ಬರೆದರೆ ನನಗೂ ಅನುಕೂಲವೇ. ಲೇಖಕನಿಗೆ ಗೊತ್ತಿಲ್ಲದ್ದಕ್ಕೆಲ್ಲ ಸಾಹಿತ್ಯದಲ್ಲಿ ಸಂದಿಗ್ಧತೆ ಅನ್ನುತ್ತಾರೆ. ಆದರೆ ಮಾಸ್ತರರ ಮುಖ ನೋಡಿ ನಗು ನಿಂತಿತು. ಆ ಮನುಷ್ಯ ಹೆದರಿದ್ದರು. ಜನ ಕಾಲು ಮುಟ್ಟುವುದು ನಿಲ್ಲುತ್ತದೆ ಎಂದಲ್ಲ, ಅದು ನಿಂತರೆ ಅವರಿಗೆ ಖುಷಿಯೇ. ಹನ್ನೊಂದು ವರ್ಷ ತಾನು ಶಿವ ಎಂದುಕೊಂಡದ್ದು ಗಂಟಲಿನ ಒಂದು ಸಡಿಲ ಮಾಂಸ ಅಂತ ಯಾರಾದರೂ ಖಚಿತ ಮಾಡಿಬಿಟ್ಟರೆ, ಅಂಗೈಯಲ್ಲಿ ಉಳಿಯುವುದೇನು ಎಂಬ ಹೆದರಿಕೆ ಅದು. ನನಗೆ ನಿಜವಾಗಿಯೂ ಕೆಟ್ಟದೆನಿಸಿತು. ಆದರೂ ತಿದ್ದಲಿಲ್ಲ, ಪ್ಯಾಡು ಮುಗಿಯುತ್ತ ಬಂದಿತ್ತು.

೩

ಮಾಸ್ತರರು ಹೋದ ಮೇಲೆ ಗೌರಾಬಾಯಿ ಬಂದರು. ಕೈಯಲ್ಲಿ ನಾನು ಹರಿದು ಬುಟ್ಟಿಗೆ ಹಾಕಿದ್ದ ಹಾಳೆಗಳು. ಒಂದೊಂದನ್ನೇ ಜೋಡಿಸಿ ಕೌಂಟರಿನ ಮೇಲೆ ಹರವಿದರು.

"ಅಣ್ಣಾರ, ಇದರಾಗ ನನ್ನ ಹೆಸರು ಎಲ್ಲೆಲ್ಲಿ ಬಂದದ ನೋಡ್ರಿ. 'ಗೌರಾಬಾಯಿ ಚಹಾ ತಂದಳು.' ಇಲ್ಲಿ, 'ಗೌರಾಬಾಯಿ ಚಹಾ ಇಟ್ಟು ಒಳಗೆ ಹೋದಳು.' ಇಲ್ಲಿ ನೋಡ್ರಿ, 'ಚಹಾದ ಕಪ್ಪು ಹಿಡಿದು ಗೌರಾಬಾಯಿ ಬಾಗಿಲಲ್ಲಿ ನಿಂತಳು.' ನೀವು ಹರದು ಒಗೆದ ಹಾಳ್ಯಾಗ ಸುದ್ದಾ ನಾ ಮೂರು ಸಲ ಚಹಾ ಮಾಡೇನಿ."

ನನಗೆ ನಾಚಿಕೆಯಾಯಿತು. ಹೆಣ್ಣು ಪಾತ್ರದಿಂದ ಏನು ಮಾಡಿಸಬೇಕು ಅಂತ ತೋಚದಾಗ ಚಹಾ ಮಾಡಿಸುವುದು ನನ್ನ ಹಳೆಯ ಚಟ. ಮೂವತ್ತು ಕಥೆಗಳಲ್ಲಿ ಎಷ್ಟು ಲೀಟರು ಹರಿಸಿದ್ದೇನೋ ದೇವರೇ ಬಲ್ಲ.

"ತಪ್ಪಾತ್ರಿ ಅಕ್ಕಾರ. ಇನ್ನ ಈ ಕತ್ಯಾಗ ನಿಮ್ಮ ಕಡಿಂದ ಚಹಾ ಮಾಡಸಂಗಿಲ್ಲ. ಮಾತು ಕೊಟ್ಟೆ."

"ನೆನಪಿಡ್ರಿ," ಅಂದರು. "ಮತ್ತ ಇನ್ನೊಂದು. ಅವರು ಶಿವಯೋಗಿ ಹೌದೋ ಅಲ್ಲೋ ನೀವೂ ಅವರೂ ಬಗೀಹರಿಸಿಕೋರಿ. ನನಗ ಅವರು ಇರಬೇಕು. ಅಷ್ಟು ಬರೀರಿ."

ಬರೆದೆ. ಓದುಗರೇ, ಈ ಕಥೆಯಲ್ಲಿ ಏನು ಉಳಿಯಬೇಕು, ಏನು ಕಳೆಯಬಹುದು ಅಂತ ನಾನು ಎರಡು ಪ್ಯಾಡು ಖರ್ಚು ಮಾಡಿ ಹುಡುಕುತ್ತಿದ್ದೆ. ಆಕೆ ಒಂದೇ ಮಾತಿನಲ್ಲಿ ಹೇಳಿ ಹೋದರು.

೫

(ನಾಲ್ಕನೆಯದು ಹರಿದೆ. ಅದರಲ್ಲಿ ಉಪಮೆಗಳಿದ್ದವು.)

ಕಳೆದ ದೀಪಾವಳಿಯ ಮುಂಚೆ ಮಾಸ್ತರರು ಸಾಲೆ ಬಿಟ್ಟು ಬರುವಾಗ ಬೈಕಿನ ಮೇಲೆ ಕಣ್ಣು ಮುಚ್ಚಿದರು. ಬೈಕು ರಸ್ತೆ ಬಿಟ್ಟು ತೊಗರಿ ಹೊಲಕ್ಕೆ ಇಳಿದು, ನಾಲ್ಕು ಸಾಲು ತುಳಿದು ಆರಾಮಾಗಿ ಅಡ್ಡ ಮಲಗಿತು. ಮಾಸ್ತರರಿಗೆ ತರಚಿದ ಗಾಯವೂ ಇಲ್ಲ, ತಲೆತುಂಬ ತೊಗರಿ ಎಲೆ. ಸುದ್ದಿ ಜೇವರ್ಗಿ ಮುಟ್ಟುವಷ್ಟರಲ್ಲಿ ಶಿವನೇ ಅವರನ್ನು ಎತ್ತಿ ಹೊಲದಲ್ಲಿ ಇಳಿಸಿದ ಅಂತಾಗಿತ್ತು. ಮಲ್ಕಮ್ಮ ಆ ಹೊಲದ ಒಂದು ಟೊಂಗೆ ತರಿಸಿಕೊಂಡು ದೇವರ ಜಗಲಿಯ ಮೇಲೆ ಇಟ್ಟರು.

ಗೌರಾಬಾಯಿ ಮಾತ್ರ ಮರುದಿನವೇ ಗಂಡನನ್ನು ಬಸ್ಸು ಹತ್ತಿಸಿ ಕಲಬುರಗಿಗೆ ಕರೆದುಕೊಂಡು ಹೋದರು. ಡಾಕ್ಟರ್ ಪಂಚಶೀಲಾ ಅನ್ನುವವರು ಎಲ್ಲ ಕೇಳಿ, ಗಂಟಲೊಳಗೆ ಬ್ಯಾಟರಿ ಬಿಟ್ಟು ನೋಡಿ, ಮನೆಯಲ್ಲೇ ಮಾಡುವ ನಿದ್ದೆಯ ಪರೀಕ್ಷೆ ಬರೆದುಕೊಟ್ಟರು.

ಅದಕ್ಕೆ ಬಂದವನು ಲಾಡ್ಲೆಸಾಬ. ಆಳಂದದವನೇ, ಕಲಬುರಗಿಯ ದವಾಖಾನೆಯಲ್ಲಿ ಟೆಕ್ನಿಶಿಯನ್. ಸಂಜೆ ಆರಕ್ಕೆ ಸೂಟ್‌ಕೇಸು ಬಿಚ್ಚಿ, ವೈರು, ನಳಿಕೆ, ಎದೆಗೆ ಕಟ್ಟುವ ಪಟ್ಟಿ ಎಲ್ಲ ಹೊರಸಿನ ಮೇಲೆ ಹರವಿದ.

"ಮಾಸ್ತರ್ರ, ಪಟ್ಟಾ ಎದಿಗೆ ಬರೋಬ್ಬರಿ ಕೂಡಬೇಕು. ಆ ಕರಡಗಿ ಜರಾ ತೆಗದು ಬಾಜೂಕ ಇಡ್ರಿ. ಮುಂಜಾನಿ ಮತ್ತ ಹಾಕ್ಕೊಳಾಕ ಬರ್ತದ."

ಮಾಸ್ತರರು ಬಾಯಿ ತೆರೆಯುವ ಮುಂಚೆ ಗೌರಾಬಾಯಿ ಬಂದು ಅಡ್ಡ ನಿಂತರು.

"ಅದಾಗಂಗಿಲ್ಲ. ಲಿಂಗ ಮೈ ಬಿಟ್ಟು ಇರಂಗಿಲ್ಲ ತಮ್ಮಾ. ಹುಟ್ಟಿದಾಗ ಕಟ್ಟಿದ್ದು, ಮಣ್ಣಿಗೂ ಸಂಗಾಟ ಹೋಗ್ತದ."

(ಇಲ್ಲಿ ನನಗೆ ಆಶ್ಚರ್ಯ. ಆಕೆ ವಿಜ್ಞಾನದ ಪಕ್ಷ, ಆತ ನಂಬಿಕೆಯ ಪಕ್ಷ ಅಂತ ಎರಡು ಖಾನೆ ಮಾಡಿ ಇಟ್ಟುಕೊಂಡಿದ್ದೆ. "ಅಕ್ಕಾರ, ಪರೀಕ್ಷಾ ನಿಮಗಽ ಬೇಕಾಗಿತ್ತಲ್ರಿ?" ಎಂದು ಅಂಗಡಿಯಿಂದಲೇ ಕೂಗಿದೆ. "ಪರೀಕ್ಷಾನೂ ಬೇಕು, ಲಿಂಗಾನೂ ಬೇಕು. ನಿಮ್ಮ ಖಾನಿ ನೀವು ಇಟ್ಕೋರಿ" ಅಂದರು.)

ಲಾಡ್ಲೆಸಾಬ ತಲೆ ಕೆರೆದುಕೊಂಡ. ಪಟ್ಟಿ ಎದೆಗೇ ಬೇಕು, ಲಿಂಗವೂ ಎದೆಗೇ ಬೇಕು, ಎದೆ ಇರುವುದು ಒಂದೇ. ಗೌರಾಬಾಯಿ ಸ್ವಲ್ಪ ಯೋಚಿಸಿ ಟ್ರಂಕಿನಿಂದ ಮದುವೆಯ ಪಟಗ ತಂದರು. ಕೆಂಪು ಜರಿಯ ರುಮಾಲು ಅದು. ಲಿಂಗವನ್ನು ವಸ್ತ್ರದಲ್ಲಿ ಸುತ್ತಿ ಗಂಡನ ನೆತ್ತಿಯ ಮೇಲಿಟ್ಟು, ಮೇಲಿಂದ ಪಟಗ ಬಿಗಿದರು. ಎದೆಯಲ್ಲಿರಬಹುದು, ಕೊರಳಲ್ಲಿರಬಹುದು, ತಲೆಯ ಮೇಲಂತೂ ಇನ್ನೂ ಮೇಲು. ಮೂಗಿನಲ್ಲಿ ನಳಿಕೆ, ಬೆರಳಿಗೆ ಕ್ಲಿಪ್ಪು, ತಲೆಗೆ ಜರಿ ಪಟಗ ಹಾಕಿಕೊಂಡು ಮಾಸ್ತರರು ಎರಡನೇ ಮದುವೆಗೆ ಹೊರಟವರ ಹಾಗೆ ಹೊರಸಿನ ಮೇಲೆ ಕೂತರು. ಗೌರಾಬಾಯಿಗೆ ನಗು ತಡೆಯಲಾಗದೆ ಸೆರಗು ಬಾಯಿಗಿಟ್ಟುಕೊಂಡರು. ಹನ್ನೊಂದು ವರ್ಷದಲ್ಲಿ ಆಕೆ ಹಾಗೆ ನಕ್ಕಿದ್ದನ್ನು ನೋಡಿಲ್ಲ ಅಂತ ಮಾಸ್ತರರೇ ನನಗೆ ಆಮೇಲೆ ಹೇಳಿದರು.

"ಬೇಸ್ ಆತ್ರಿ," ಅಂದ ಲಾಡ್ಲೆಸಾಬ. "ತಲಿ ಮ್ಯಾಲ ದೇವರು, ಎದಿ ಮ್ಯಾಲ ಮಷೀನು. ಯಾರ ಕೆಲಸ ಅವರು ಮಾಡ್ಲಿ."

ಪರೀಕ್ಷೆ ರಾತ್ರಿಯದು. ನಿದ್ದೆಯ ಕಥೆಯಲ್ಲಿ ರಾತ್ರಿಯನ್ನು ವರ್ಣಿಸುವುದು ಸೋಮಾರಿ ಲೇಖಕರ ಕೆಲಸ. ನಾನು ಒಂದೇ ಸಾಲಿನಲ್ಲಿ ದಾಟುತ್ತೇನೆ. ರಾತ್ರಿಯಾಯಿತು, ಮಾಸ್ತರರು ಮಲಗಿದರು, ಬೆಳಗಾಯಿತು.

೬

ಡಾಕ್ಟರ್ ಪಂಚಶೀಲಾ ವರದಿಯನ್ನು ಮೇಜಿನ ಮೇಲಿಟ್ಟು ಬೆರಳಿನಿಂದ ತೋರಿಸಿದರು.

"ತಾಸಿಗೆ ನಲವತ್ತೇಳು ಸಲ ಉಸಿರು ನಿಂತದ ಮಾಸ್ತರ್ರ. ಎಲ್ಲಾಕಿಂತ ಉದ್ದಂದ್ರ ಎಪ್ಪತ್ತೊಂದು ಸೆಕೆಂಡು. ಬಿ.ಪಿ. ಆಗಲೇ ಏರ್ಯಾದ. ಹಿಂಗಽ ಬಿಟ್ರ ಎದಿ ಬಡಿತ ತಪ್ಪತದ, ಲಕ್ವಾ ಹೊಡಿಬಹುದು. ಇಲ್ಲಾ ಇನ್ನೊಮ್ಮೆ ಬೈಕು, ಆದರ ಈ ಸಲ ತೊಗರಿ ಹೊಲ ಸಿಗಂಗಿಲ್ಲ."

ಉಪಾಯ ಸಿ-ಪ್ಯಾಪ್ ಅನ್ನುವ ಯಂತ್ರ. ಮಲಗುವಾಗ ಮೂಗಿಗೆ ಮಾಸ್ಕು ಹಾಕಿಕೊಂಡರೆ ಅದು ಗಾಳಿ ಊದುತ್ತ ಗಂಟಲಿನ ದಾರಿಯನ್ನು ತೆರೆದಿಡುತ್ತದೆ. ದಿನಾ ಹಾಕಬೇಕು, ಬಹುಶಃ ಜೀವನವಿಡೀ.

"ಒಂದು ಕೇಳ್ತೇನ್ರಿ," ಅಂದರು ಮಾಸ್ತರರು. "ಅದು ಹಾಕ್ಕೊಂಡ್ರ ಆ ನಿಲ್ಲೋದು ಪೂರಾ ಹೋಗ್ತದೇನು?"

"ಅದಕ್ಕಽ ಕೊಡೋದು."

"ಹಂಗಾದ್ರ ನನಗ ಬ್ಯಾಡ್ರಿ."

ಡಾಕ್ಟರು ಸಿಟ್ಟಾಗಲಿಲ್ಲ. ಆಕೆ ಇಂಥ ಉತ್ತರ ಕೇಳಿದವರೇ. ಕೆಲವರು ನಾಚಿಕೆಗೆ ಬೇಡ ಅನ್ನುತ್ತಾರೆ, ಕೆಲವರು ಹೆದರಿ. "ಜೀವ ನಿಮ್ಮದು, ನಿರ್ಧಾರ ನಿಮ್ಮದು ಮಾಸ್ತರ್ರ. ನಾ ಜುಲುಮಿ ಮಾಡಂಗಿಲ್ಲ. ಬಾಗಿಲಾ ಮಾತ್ರ ತೆರದಽ ಇರ್ತದ" ಅಂದರು.

"ಹೌದ್ರಿ, ಉಸಿರು ನಂದು," ಅಂದರು ಮಾಸ್ತರರು.

ಗೌರಾಬಾಯಿ ವರದಿ ಮಡಚಿ ಚೀಲಕ್ಕಿಟ್ಟುಕೊಂಡರು. ಎಪ್ಪತ್ತೊಂದು ಸೆಕೆಂಡು ಅಂದಾಗಲೂ ಬೆಚ್ಚಿರಲಿಲ್ಲ. ಅದು ನನಗೆ ವಿಚಿತ್ರವೆನಿಸಿ ಬಸ್‌ಸ್ಟ್ಯಾಂಡಿನಲ್ಲಿ ಕೇಳಿದೆ. "ನನಗ ಗೊತ್ತಿತ್ತು" ಅಂದರು. ಯಂತ್ರಕ್ಕಿಂತ ಮುಂಚೆ ಹೇಗೆ ಗೊತ್ತಿತ್ತು? ಹೇಳದೆ ಆಳಂದದ ಬಸ್ಸು ಹತ್ತಿಬಿಟ್ಟರು. ಲೇಖಕನಿಗೆ ಎಲ್ಲ ಗೊತ್ತಿರುತ್ತದೆ ಅನ್ನುವವರು ಆ ಬಸ್ಸಿನ ಹಿಂದೆ ಓಡಿ ನೋಡಬೇಕು.

೭

ಇದು ಗಂಭೀರವಾದ ಭಾಗ. ನಗುವವರು ಈಗಲೇ ನಕ್ಕು ಬನ್ನಿ.

ದಿನಾ ಸಂಜೆ ಸಾಲೆಯಿಂದ ಬಂದ ಕೂಡಲೇ ಮಾಸ್ತರರು ಪಡಸಾಲೆಯ ಹೊರಸಿನ ಮೇಲೆ ಬಿದ್ದು ನಿದ್ದೆ ಹೋಗುತ್ತಾರೆ. ಅದೇ ಹೊತ್ತಿಗೆ ಅಡುಗೆ ಮನೆಯಲ್ಲಿ ಗೌರಾಬಾಯಿ ಜೋಳದ ರೊಟ್ಟಿ ಬಡಿಯುತ್ತಾರೆ. ಕಲಬುರಗಿಯಿಂದ ಬಂದ ನಾಲ್ಕನೇ ದಿನ ಮಾಸ್ತರರು ಎದ್ದು ಮುಖ ತೊಳೆಯುತ್ತಿದ್ದಾಗ ಬಾಜು ಮನೆಯ ಗೌಸಿಯಾಬೇಗಂ ಇಸಿದುಕೊಂಡ ಪಾತ್ರೆ ವಾಪಸು ಕೊಡಲು ಬಂದರು. ಎರಡು ಮನೆಗೂ ನಡುವೆ ಒಂದೇ ಗೋಡೆ.

"ಮಾಸ್ತರ್ರ, ಮಷೀನ್ ಬ್ಯಾಡ ಅಂದ್ರಂತಲ್ರಿ. ಖರೇ ಏನು?"

"ಹೌದವಾ. ನನ್ನ ಗೊರಕಿ ನಿಮಗ ತ್ರಾಸ ಕೊಡ್ತದೇನು?"

"ಗೊರಕಿ ಅಲ್ರಿ. ಗೊರಕಿ ಇದ್ರ ನಮಗ ಫಿಕರ್ ಇಲ್ಲ. ಅದು ನಿಂತಾಗ ಭಾಬಿ ರೊಟ್ಟಿ ಬಡಿಯೋ ಸಪ್ಪಳಾನೂ ನಿಂದರ್ತದ. ಆ ಸಪ್ಪಳ ನಿಂತು ಅಂದ್ರ ನಾನೂ ಲಟ್ಟಣಗಿ ಹಿಡಕೊಂಡು ಹಂಗಽ ನಿಂದರ್ತೇನಿ. ಮತ್ತ ಸುರು ಆದ ಮ್ಯಾಲ ಚಪಾತಿ ಲಟ್ಟಸ್ತೇನಿ. ವರ್ಷಾನುಗಟ್ಟಲೆ ಹಿಂಗಽ ನಡದದ."

ಪಾತ್ರೆ ಇಟ್ಟು ಆಕೆ ಹೋದರು. ಮಾಸ್ತರರು ಮುಖ ಒರೆಸಿಕೊಳ್ಳದೆ ಅಡುಗೆ ಮನೆಗೆ ಹೋಗಿ ರೊಟ್ಟಿಯ ಬುಟ್ಟಿಯ ಮುಂದೆ ಕೂತರು. ಮೇಲಿನ ರೊಟ್ಟಿ ತೆಗೆದು ತಿರುವಿದರು. ಹಿಂಬದಿಯಲ್ಲಿ ರೂಪಾಯಿ ಅಗಲದ ಕರಿ ಕಲೆ. ಎರಡನೆಯದರಲ್ಲೂ ಇತ್ತು. ಮೂರನೆಯದು ಬೆಳ್ಳಗಿತ್ತು, ನಾಲ್ಕನೆಯದು ಅರ್ಧಕ್ಕರ್ಧ ಸುಟ್ಟಿತ್ತು. ಇಷ್ಟು ವರ್ಷ ಅವರು ಆ ಕರಿ ಭಾಗವನ್ನು ಮುರಿದು ತಾಟಿನ ಅಂಚಿಗಿಟ್ಟು, "ನಿನ್ನ ಧ್ಯಾನ ಎಲ್ಲಿರ್ತದ ಗೌರಿ" ಅಂತ ಚಾಷ್ಟಿ ಮಾಡಿದವರು.

"ಇದು ಯಾಕ ಸುಟ್ಟದ?"

"ಹೆಂಚು ಕಾದಿತ್ತು."

"ದಿನಾ ಕಾದಿರ್ತದೇನು?"

ಗೌರಾಬಾಯಿ ಹಿಟ್ಟಿನ ಕೈಯನ್ನು ಮಡಿಲಲ್ಲಿಟ್ಟುಕೊಂಡರು. "ನೀವು ನಿಂತಾಗ ನಾನೂ ನಿಂದರ್ತೇನಿ. ಹೆಂಚಿಗೆ ಅದು ಗೊತ್ತಾಗಂಗಿಲ್ಲ."

"ನಿಂತು ಏನ್ ಮಾಡ್ತಿ?"

"ನಮಃಶಿವಾಯ ಅಂತೇನಿ."

"ನನ್ನ ಸಲುವಾಗಿ ಜಪಾ ಮಾಡ್ತಿ."

"ಜಪಾ ಅಲ್ರಿ. ಎಣಸ್ತೇನಿ. ನಾಕಕ್ಕ ಉಸಿರು ಬಂದ್ರ ಹಗೂರ ಅನಸ್ತದ. ಹತ್ತಾದ್ರ ಕೈ ತೊಳೀತೇನಿ. ಹದಿನೈದಕ್ಕ ಬಂದು ನಿಮ್ಮ ಬಾಜೂಕ ನಿಂದರ್ತೇನಿ. ಹಗಲು ಹಂಗಽ, ರಾತ್ರಿ ಹಂಗಽ. ನೀವು ಶಿವನ ಕೂಡ ಕುಂದರ್ತೀರಿ ಅಂತ ಮಂದಿ ಕೈ ಮುಗೀತಾರ. ನನಗ ಆ ಹೆಸರು ಬರೇ ಗಡಿಯಾರ ಆಗ್ಯಾದ. ಅಂದ್ರ ಸಾಕು ಎದಿ ಡವಡವ ಅಂತದ. ನಾ ಪೂಜಾಕ್ಕ ಕುಂತು ಎಷ್ಟು ದಿನಾ ಆತು, ಯಾರರೇ ಕೇಳ್ಯಾರೇನು?"

ಮಾಸ್ತರರು ಕರಿ ರೊಟ್ಟಿಯನ್ನು ಮತ್ತೊಮ್ಮೆ ತಿರುವಿ ಕೇಳಿದರು. "ಜಾಸ್ತಿ ಅಂದ್ರ ಎಷ್ಟು ಎಣಿಸಿದ್ದಿ?"

"ಇಪ್ಪತ್ತಾರು. ಇಪ್ಪತ್ತೇಳನೇದು ಅನ್ನಾಕ ಬಾಯಿ ತೆರದಿದ್ದೆ. ಅನ್ನಲಿಲ್ಲ. ಅಂದುಬಿಟ್ರ ಮುಗದಽ ಹೋಗ್ತದ ಅಂತ ಹೆದರಿದೆ."

(ನಾನು ಅಂಗಡಿಯಲ್ಲಿ ಮೊಬೈಲಿನ ಸ್ಟಾಪ್‌ವಾಚ್ ಹಚ್ಚಿ, ಉಸಿರಿಗೆ ಕಿವಿಗೊಟ್ಟ ಹೆಂಗಸು ನಡುನಡುವೆ ತಡೆದು ಅನ್ನುವ ವೇಗದಲ್ಲಿ ನಮಃಶಿವಾಯ ಅಂದು ನೋಡಿದೆ. ಇಪ್ಪತ್ತಾರಕ್ಕೆ ಸರಿಯಾಗಿ ಎಪ್ಪತ್ತೊಂದು ಸೆಕೆಂಡು. ಕೆಮ್ಮಿನ ಔಷಧಿಗೆ ಬಂದಿದ್ದ ಗಿರಾಕಿಯೊಬ್ಬರು ನನ್ನ ಮುಖ ನೋಡಿ ಔಷಧಿ ತಗೊಳ್ಳದೆ ವಾಪಸು ಹೋದರು.)

ಮಾಸ್ತರರು ಕರಿ ರೊಟ್ಟಿಯನ್ನು ತಾಟಿನಲ್ಲಿಟ್ಟು, ಮುರಿದು, ಸುಟ್ಟ ಭಾಗವನ್ನೇ ಮೊದಲು ತಿಂದರು.

"ನನಗ ಶಿವ ಸಿಕ್ಕಾನ ಅಂತ ಕುಂತಿದ್ದೆ," ಅಂದರು. "ನಿನ್ನ ಶಿವ ಕಳದು ಹೋಗಿದ್ದು ನೋಡಲಿಲ್ಲ. ಮಷೀನ್ ತರೋಣು."

"ನಿಮಗ ಹೆದರಿಕಿ ಆಗಂಗಿಲ್ಲೇನು?"

"ಆಗ್ತದ. ಎಚ್ಚರಾಗಿ ಕುಂತು ನೋಡಿದಾಗ ಅಂಗೈದಾಗ ಏನೂ ಇಲ್ಲ ಅಂದ್ರ?"

"ಇದ್ದಷ್ಟು ನೋಡ್ರಿ. ನಾ ಬಾಜೂಕ ಕುಂದರ್ತೇನಿ."

ಮುಕ್ತಾಯಗಳು: ಅ, ಆ, ಇ

ಅ. ಮಾಸ್ತರರು ಯಂತ್ರ ಹಾಕಿಕೊ‍ಂಡರು, ಗುಣವಾದರು, ರವಿವಾರ ಎಲ್ಲರೆದುರು ಎದ್ದುನಿಂತು ಸತ್ಯ ಹೇಳಿದರು. ಜನ ಪಾಠ ಕಲಿತರು. ("ಯಾವ ಪಾಠ?" ಅಂದರು ಮಾಸ್ತರರು. "ಸಾಲ್ಯಾಗ ನಾ ದಿನಾ ಆರು ತಾಸು ಹೇಳ್ತೇನಿ, ಒಬ್ಬರೂ ಕಲಿಯಂಗಿಲ್ಲ. ಇದನ್ನ ಹರೀರಿ." ಹರಿದೆ.)

ಆ. ಮಾಸ್ತರರು ರಾತ್ರಿ ಗುಟ್ಟಾಗಿ ಯಂತ್ರ ಹಾಕಿಕೊಂಡು, ರವಿವಾರ ಸುಮ್ಮನೆ ಉಸಿರು ಹಿಡಿದು ಶಿವಯೋಗದ ನಟನೆ ಮಾಡತೊಡಗಿದರು. (ಗೌರಾಬಾಯಿ ನನ್ನ ಪೆನ್ನು ಕಸಿದುಕೊಂಡು ಮಾತ್ರೆಯ ಡಬ್ಬಿಗಳ ಹಿಂದೆ ಬಚ್ಚಿಟ್ಟರು. ಹುಡುಕಲು ಎರಡು ದಿನ ಹಿಡಿಯಿತು.)

ಇ. ಒಂದು ದಿನ ಮಾಸ್ತರರಿಗೆ ಆ ಶೂನ್ಯದ ನೆನಪಾಯಿತು. ಒಮ್ಮೆ ಮಾತ್ರ ಅಂತ ಮಾಸ್ಕು ತೆಗೆದಿಟ್ಟು ಮಲಗಿದರು. ಗೌರಾಬಾಯಿ ಎಣಿಸತೊಡಗಿದರು. ಇಪ್ಪತ್ತನಾಲ್ಕು, ಇಪ್ಪತ್ತೈದು, ಇಪ್ಪತ್ತಾರು.

ಇದನ್ನು ಮುಂದೆ ಬರೆಯುವುದಿಲ್ಲ. ಕಥೆಗೆ ಇದೇ ಸರಿಯಾದ ಮುಕ್ತಾಯ ಅಂತ ಸಂಪಾದಕರು ಹೇಳಬಹುದು, ಬಹುಮಾನವೂ ಬರಬಹುದು. ಮುಂದಿನ ಅಂಕಿ ಅನ್ನಲು ನನಗೂ ಬಾಯಿ ಬರುವುದಿಲ್ಲ.

೮, ಇದು ಮುಕ್ತಾಯವಲ್ಲ

ಯಂತ್ರ ಬಂತು. ಗೌರಾಬಾಯಿ ಅದಕ್ಕೆ ಗಾಳಿಪೆಟ್ಟಿಗಿ ಅಂತ ಹೆಸರಿಟ್ಟು ವಿಭೂತಿ ಹಚ್ಚಿದರು. ಮೊದಲ ವಾರ ಮಾಸ್ತರರ ಕೆನ್ನೆಯ ಮೇಲೆ ಪಟ್ಟಿಯ ಗುರುತು, ಮೂಗು ಕೆಂಪು. ಎರಡನೇ ವಾರ ಒಂದು ಬೆಳಿಗ್ಗೆ ಎದ್ದವರೇ ಹಿತ್ತಲಿಗೆ ಹೋಗಿ, "ಗೌರಿ, ಈ ಬೇವಿನ ಗಿಡ ಯಾವಾಗ ಇಷ್ಟು ಎತ್ತರ ಬೆಳೀತು?" ಅಂತ ಕೇಳಿದರು. ನರೋಣಾದ ಹುಡುಗರಿಗೆ ಮಾತ್ರ ದುಃಖವಾಯಿತು. ಮಾಸ್ತರರು ತೂಕಡಿಸುತ್ತಿದ್ದ ಆರನೇ ಪಿರಿಯಡ್ಡಿನಲ್ಲಿ ಇಷ್ಟು ವರ್ಷ ಅವರು ಆರಾಮಾಗಿದ್ದರು, ಈಗ ಅದರಲ್ಲೂ ಪ್ರಶ್ನೆ ಕೇಳುತ್ತಾರೆ. ರೊಟ್ಟಿಗಳು ಎರಡೂ ಬದಿ ಬೆಳ್ಳಗೆ ಬರತೊಡಗಿದವು. ರುಚಿ ಏನೋ ಕಡಿಮೆಯಾಗಿದೆ ಅಂತ ಮಾಸ್ತರರ ದೂರು.

ನಿದ್ದೆ ಬಾರದೆ ಹೋದದ್ದು ಗೌರಾಬಾಯಿಗೆ. ಎಣಿಸಲು ಏನೂ ಇರಲಿಲ್ಲ. ಯಂತ್ರದ ಸಣ್ಣ ಸದ್ದು ಕೇಳುತ್ತ, ಇನ್ನೇನು ನಿಲ್ಲುತ್ತದೆ ಅಂತ ಕಾಯುತ್ತ ಮೂರು ವಾರ ಕಳೆದರು. ಅದು ಒಮ್ಮೆಯೂ ನಿಲ್ಲಲಿಲ್ಲ.

ಯಂತ್ರ ರೂಢಿಯಾಗುವವರೆಗೆ ನಿಲ್ಲಿಸಿದ್ದ ಪೂಜೆ ಮತ್ತೆ ಕೂಡಿದ್ದು ಆಮೇಲಿನ ರವಿವಾರ. ಒಂಬತ್ತು ಗಂಟೆ. ಇಪ್ಪತ್ತು ಜನ, ಮುಂದಿನ ಸಾಲಿನಲ್ಲಿ ಜೇವರ್ಗಿಯ ಮಲ್ಕಮ್ಮ. ಇಷ್ಟು ವರ್ಷ ಪೂಜೆಗೆ ಕೂರದ ಗೌರಾಬಾಯಿ ಗಂಡನ ಬಾಜು ಕೂತಿದ್ದಾರೆ. ಒಲೆಯ ಮೇಲೆ ಏನೂ ಇಟ್ಟಿಲ್ಲ, ಎಲ್ಲ ಪೂಜೆ ಮುಗಿದ ಮೇಲೆ ಅಂತಾಗಿದೆ. ಎಲ್ಲರ ಅಂಗೈಯಲ್ಲಿ ಲಿಂಗ.

ಎರಡು ನಿಮಿಷವಾಯಿತು. ಮಾಸ್ತರರ ಕಣ್ಣು ಮುಚ್ಚಲಿಲ್ಲ. ಐದಾಯಿತು. ಜನ ಕಾಯುತ್ತಿದ್ದಾರೆ, ಮಾಸ್ತರರೂ ಕಾಯುತ್ತಿದ್ದಾರೆ. ಅಂಗೈ ನೋಡಿದರು. ಲಿಂಗ ಇತ್ತು, ಕಪ್ಪಗೆ, ನೀರಿನ ಹನಿ ಆರದೆ. ಅದರ ಮೇಲೆ ಕಿಟಕಿಯ ಬೆಳಕು ಬಿದ್ದಿತ್ತು, ಅದನ್ನು ಅವರು ಹಿಂದೆಂದೂ ಕಂಡಿರಲಿಲ್ಲ. ಶೂನ್ಯ ಇರಲಿಲ್ಲ. ಮಂಡಿ ನೋಯುತ್ತಿತ್ತು, ಯಾರದೋ ಹೊಟ್ಟೆ ಗುರುಗುಡುತ್ತಿತ್ತು, ಅಂಗೈ ಹನ್ನೊಂದು ವರ್ಷದಲ್ಲಿ ಮೊದಲ ಸಲ ಭಾರವೆನಿಸಿತು. ಹಿಂದಿನ ಸಾಲಿನಲ್ಲಿ ಜನ ಒಬ್ಬರ ಮುಖ ಒಬ್ಬರು ನೋಡತೊಡಗಿದರು.

ಆಗ ಮಲ್ಕಮ್ಮ ಉಸಿರೆಳೆದುಕೊಂಡು ಪಿಸುಗುಟ್ಟಿದರು. "ನೋಡ್ರಿ, ಅಕ್ಕಾರನ್ನ ನೋಡ್ರಿ. ಶಿವಯೋಗಕ್ಕ ಹೋಗ್ಯಾರ."

ಗೌರಾಬಾಯಿಯ ಕಣ್ಣು ಮುಚ್ಚಿತ್ತು. ಮುಖ ಸಡಿಲವಾಗಿತ್ತು, ಇಪ್ಪತ್ತು ವರ್ಷ ಚಿಕ್ಕವರಾಗಿ ಕಾಣುತ್ತಿದ್ದರು. ಜನ ಕೈಮುಗಿದರು. ಪಡಸಾಲೆ ಮೊದಲಿನಂತೆ ನಿಶ್ಶಬ್ದವಾಯಿತು.

ಮಾಸ್ತರರು ತಟ್ಟನೆ ಬಾಗಿ ಹೆಂಡತಿಯ ಮೂಗಿನ ಕಡೆ ಕಿವಿ ಇಟ್ಟು ಕೇಳಿದರು. ಒಳಗೆ, ಹೊರಗೆ. ಮತ್ತೆ ಒಳಗೆ. ಎಲ್ಲೂ ತಡೆಯಿಲ್ಲ. ಅಷ್ಟರಲ್ಲಿ ಆಕೆಯ ಅಂಗೈ ಮೆಲ್ಲಗೆ ವಾಲತೊಡಗಿತು. ಆಕೆಗೆ ಗಂಡನ ಹಾಗೆ ಕೂತು ಮಲಗಿ ರೂಢಿಯಿಲ್ಲವಲ್ಲ. ಮಾಸ್ತರರು ತಮ್ಮ ಬಲಗೈಯನ್ನು ಅದರ ಕೆಳಗಿಟ್ಟು ಹಿಡಿದರು. ಎಡಗೈಯಲ್ಲಿ ತಮ್ಮ ಲಿಂಗ, ಬಲಗೈಯಲ್ಲಿ ಆಕೆಯ ಕೈ, ಆಕೆಯ ಕೈಯಲ್ಲಿ ಆಕೆಯ ಲಿಂಗ. ಅವರಿಗೆ ಕಣ್ಣಲ್ಲಿ ನೀರು ಬಂತು. ಒರೆಸಿಕೊಳ್ಳಲು ಕೈ ಬಿಡುವಿರಲಿಲ್ಲ.

ಇದು ನಿದ್ದೆ ಅಂತ ಅವರಿಗೆ ಗೊತ್ತು. ಜನಕ್ಕೆ ಹೇಳಬೇಕೋ ಬೇಡವೋ? ನನ್ನ ಕಡೆ ನೋಡಿದರು. ನಾನು ಬಾಗಿಲ ಹತ್ತಿರ ಪ್ಯಾಡು ಹಿಡಿದು ನಿಂತಿದ್ದೆ. "ಮಾಸ್ತರ್ರ, ಈಗ ಇದು ಏನಂತ ಬರೀಲಿ, ನಿದ್ದಿಯೋ ಶಿವಯೋಗವೋ?" ಅಂತ ಸನ್ನೆಯಲ್ಲೇ ಕೇಳಿದೆ. ಅವರು ಮತ್ತೆ ಹೆಂಡತಿಯ ಕಡೆ ತಿರುಗಿದರು. ತುಟಿ ಮಾತ್ರ ಅಲ್ಲಾಡುತ್ತಿತ್ತು. ಆಕೆಯ ಒಂದೊಂದು ಉಸಿರಿಗೆ ಒಂದೊಂದು ನಮಃಶಿವಾಯ.

ಓದುಗರೇ, ನೀವೀಗ ಮುಕ್ತಾಯ ಕೇಳುತ್ತೀರಿ. ನಿಮ್ಮ ಹಕ್ಕು, ಇಲ್ಲ ಅನ್ನುವುದಿಲ್ಲ. ಆದರೆ ಕಥೆ ಮುಗಿಯಿತು ಅಂತ ನಾನು ಅಂದ ತಕ್ಷಣ ಈ ಇಪ್ಪತ್ತು ಜನ ಕಣ್ಣೊರೆಸಿಕೊಂಡು, ಮಂಡಿ ನೀವಿಕೊಂಡು ಎದ್ದು, ಅಡುಗೆ ಮನೆಯ ಕಡೆ ನೋಡುತ್ತಾರೆ. ಪೂಜೆಯ ನಂತರ ಚಹಾ ಕುಡಿದು ಹೋಗುವುದು ಈ ಮನೆಯ ರೂಢಿ. ಯಾರೋ ಒಬ್ಬರು "ಅಕ್ಕಾರ" ಅಂತ ಕರೆಯುತ್ತಾರೆ. ಆಕೆ ಹನ್ನೊಂದು ವರ್ಷದ ಮೇಲೆ ಮಲಗಿದ್ದಾರೆ. ಮತ್ತು ನಾನು ಮಾತು ಕೊಟ್ಟಿದ್ದೇನೆ.

ಆದ್ದರಿಂದ ಮುಗಿಸುವುದಿಲ್ಲ. ಪ್ಯಾಡಿನ ಕೊನೆಯ ಹಾಳೆ ಇದು, ಆ್ಯಸಿಡಿಟಿ ಗುಳಿಗೆಯ ಹೆಸರಿನ ಮೇಲೂ ಬರೆಯುತ್ತ ಹೋಗುತ್ತೇನೆ. ಮಾಸ್ತರರು ಇಪ್ಪತ್ತೈದು ಅಂದರು. ಇಪ್ಪತ್ತಾರು ಅಂದರು. ಒಂದು ಗಳಿಗೆ ತಡೆದರು. ಆಕೆ ಉಸಿರೆಳೆದುಕೊಂಡರು. ಮಾಸ್ತರರು ಇಪ್ಪತ್ತೇಳು ಅಂದರು, ಇಪ್ಪತ್ತೆಂಟು ಅಂದರು, ನೀವು ಇನ್ನೂ ಅಲ್ಲೇ ಇದ್ದರೆ ಸದ್ದು ಮಾಡಬೇಡಿ, ಪುಸ್ತಕ ಮುಚ್ಚಬೇಡಿ, ಪುಟ ಮಗುಚುವುದಾದರೆ ಮೆಲ್ಲಗೆ ಮಗುಚಿ, ಇಪ್ಪತ್ತೊಂಬತ್ತು,